ನೀರಿಗೆ ಸುಂಕವೆ, ಘಟ್ಟಕ್ಕೆ ಸುಂಕವೆ?

ಅಮೆರಿಕೆಯ ಮಿನೆಸೋಟ ಸಂಸ್ಥಾನದಲ್ಲಿ ನೆಲಸಿರುವ ನಮ್ಮ ಅಕ್ಕನ ಮನೆಯಲ್ಲಿ ಈಚೆಗೆ ಒಂದು ವ್ಯಾಜ್ಯ ಹುಟ್ಟಿಕೊಂಡಿದೆ. ವ್ಯಾಜ್ಯಕ್ಕೆ ಮೂಲ ಒಂದು ಹಳೆಯ ದೋಣಿ. ನೆರೆಮನೆಯವರು ಊರು ಬಿಟ್ಟು ಹೋಗುವಾಗ ಅಗ್ಗವಾಗಿ ಕೊಟ್ಟರೆಂದು ಭಾವನವರು ಅದನ್ನು ಕೊಂಡು ತಂದರು. ಹದಿನೇಳು ಅಡಿ ಉದ್ದ; ಇಬ್ಬರು ಕುಳಿತು ಹುಟ್ಟು ಹಾಕಬೇಕು; ಎಂಜಿನ್ನೂ ಇಲ್ಲ, ಹಾಯಿಯೂ ಇಲ್ಲ. ಇಂಥದನ್ನು ಸರೋವರಕ್ಕೆ ಇಳಿಸುವ ಮೊದಲು ಸಂಸ್ಥಾನದ ಸರಕಾರದಲ್ಲಿ ನೋಂದಾಯಿಸಿ ಹಣ ಕಟ್ಟಬೇಕು, ಮೂರು ವರ್ಷಕ್ಕೊಮ್ಮೆ ಮತ್ತೆ ಕಟ್ಟಬೇಕು ಎಂದು ತಿಳಿದಾಗ ಅಕ್ಕನಿಗೆ ರೇಗಿಹೋಯಿತು. "ಕಾರಿಗಾದರೆ ರಸ್ತೆ ಹಾಕಿಸಿಕೊಟ್ಟಿದ್ದಾರೆ, ತೆರಿಗೆ ಕೇಳಲಿ. ಈ ಸರೋವರವನ್ನು ಇವರೇನು ತೋಡಿಸಿದರೆ? ನೀನೇ ಹೇಳೋ" ಎಂದು ಟೆಲಿಫೋನಿನಲ್ಲಿ ನನ್ನನ್ನು ಕೇಳಿದಳು. ಹಿಂದಿನಿಂದ ಭಾವನವರ ದನಿ ಕೇಳಿಸಿತು: "ಸರೋವರ ತೋಡಿಸಲಿಲ್ಲವಯ್ಯ, ಆದರೆ ಅಲ್ಲಿಗೆ ಹೋಗುವ ದಾರಿ, ಕಾರು ನಿಲ್ಲಿಸುವ ಜಾಗ, ದೋಣಿ ಇಳಿಸುವ ಘಟ್ಟ, ಇದೆಲ್ಲ ಆಕಾಶದಿಂದ ಬಿತ್ತೆ? ನಿಮ್ಮಕ್ಕನನ್ನು ಕೇಳು."

ಕಟ್ಟಬೇಕಾದ ಹಣವೇನೂ ದೊಡ್ಡದಲ್ಲ. ಆ ಊರಿನಲ್ಲಿ ಮನೆಮಂದಿಯೆಲ್ಲ ಒಂದು ಹೊತ್ತು ಹೋಟೆಲಿನಲ್ಲಿ ಉಂಡರೆ ಆಗುವ ವೆಚ್ಚಕ್ಕಿಂತ ಕಡಿಮೆ. ಆದರೂ ಈ ಸಣ್ಣ ಮೊತ್ತದ ವಿಷಯವಾಗಿ ಅಮೆರಿಕೆಯ ಶಾಸನ ಸಭೆಗಳಲ್ಲಿ ಹಲವು ವರ್ಷಗಳಿಂದ ದೊಡ್ಡ ವಾದವೇ ನಡೆದಿದೆ. ಒಂದು ಸಂಸ್ಥಾನ ಹಣ ಕೇಳುತ್ತದೆ, ಪಕ್ಕದ್ದು ಕೇಳುವುದಿಲ್ಲ, ಮತ್ತೊಂದು ಕೇಳಲು ಹೊರಟು ಜನರ ಕೂಗಿಗೆ ಹೆದರಿ ಹಿಂಜರಿಯುತ್ತದೆ. ನಮ್ಮಲ್ಲಿ 'ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ' ಎಂಬ ಗಾದೆಯಿದೆಯಷ್ಟೆ. ಅಲ್ಲಿ ಸುಂಕದವನ ಮುಂದೆಯೇ ನಿಂತು ಜನರು ತಮ್ಮ ಸುಖದುಃಖಗಳನ್ನು ಹೇಳಿಕೊಳ್ಳುತ್ತಾರೆ. ಒಮ್ಮೊಮ್ಮೆ ಅವನು ಕೇಳಿಸಿಕೊಳ್ಳುವುದೂ ಉಂಟು.

ವಾದಕ್ಕೆ ಹೋಗುವ ಮುನ್ನ ದೋಣಿಗಳ ಪರಿಚಯವಾಗಲಿ. ಇವು ಎರಡು ಬಗೆ. ಒಂದರ ಹೆಸರು ಕೆನೂ, ಇನ್ನೊಂದರ ಹೆಸರು ಕಯಾಕ್. ಕೆನೂ ಮೇಲೆ ತೆರೆದಿರುವ, ಎರಡು ತುದಿಗಳೂ ಚೂಪಾಗಿರುವ ಉದ್ದನೆಯ ದೋಣಿ. ಒಂದೇ ಅಲಗಿನ ಹುಟ್ಟಿನಿಂದ ಅದನ್ನು ನಡೆಸುತ್ತಾರೆ. ಕಯಾಕು ಇನ್ನೂ ಕಿರಿದು, ಮೇಲುಭಾಗ ಮುಚ್ಚಿರುತ್ತದೆ, ಕುಳಿತವನ ಸೊಂಟದವರೆಗೆ ದೋಣಿಯೇ ಉಡುಪಿನಂತೆ ಆವರಿಸುತ್ತದೆ, ಹುಟ್ಟಿಗೆ ಎರಡು ಕಡೆಯೂ ಅಲಗು. ಮಿನೆಸೋಟದ ಸುತ್ತಿನ ಓಜಿಬ್ವೆ ಜನರು ಬರ್ಚ್ ಮರದ ತೊಗಟೆಯಿಂದ ಕೆನೂಗಳನ್ನು ಕಟ್ಟುತ್ತಿದ್ದರು. ಉತ್ತರ ಧ್ರುವದ ಕಡೆಯ ಇನ್ಯೂಯಿಟ್ ಜನರು ಸೀಲ್ ಪ್ರಾಣಿಯ ಚರ್ಮವನ್ನು ಚೌಕಟ್ಟಿಗೆ ಬಿಗಿದು ಕಯಾಕು ಮಾಡುತ್ತಿದ್ದರು. ಕೆನೂ ಎಂಬ ಹೆಸರು ಕೆರಿಬಿಯನ್ ದ್ವೀಪವಾಸಿಗಳ ನುಡಿಯಿಂದ ಸ್ಪ್ಯಾನಿಷ್ ಮೂಲಕ ಬಂದದ್ದು. ಕಯಾಕ್ ಎಂಬುದು ಇನ್ಯೂಯಿಟರದೇ ಮಾತು. ದೋಣಿಯೂ ಅವರದು, ಹೆಸರೂ ಅವರದು, ಸುಂಕ ಮಾತ್ರ ತಡವಾಗಿ ಬಂದವರದು ಎಂದು ಯಾರಾದರೂ ಕುಟುಕಿದರೆ ಉತ್ತರ ಹೇಳುವುದು ಕಷ್ಟ.

ಕೆನೂವಿನ ಒಂದು ಗುಣವನ್ನು ಇಲ್ಲಿಯೇ ಗಮನಿಸಬೇಕು. ಅದು ಹಗುರ. ಒಂದು ಸರೋವರ ಮುಗಿದು ಇನ್ನೊಂದು ಆರಂಭವಾಗುವ ನಡುವೆ ನೆಲ ಬಂದರೆ, ಅದನ್ನು ಹೆಗಲ ಮೇಲೆ ಕವುಚಿಕೊಂಡು ನಡೆದುಬಿಡಬಹುದು. ಹೀಗೆ ದೋಣಿ ಹೊತ್ತು ಸಾಗುವ ಕಾಲುದಾರಿಗಳು ಆ ದೇಶದ ಉತ್ತರ ಭಾಗದಲ್ಲಿ ಶತಮಾನಗಳಿಂದ ಇವೆ. ನೂರಾರು ಮೈಲಿಗಳ ವ್ಯಾಪಾರ, ಬೇಟೆ, ಬಂಧುಮಿತ್ರರ ಭೇಟಿ ಎಲ್ಲವೂ ಈ ಹೊರುದಾರಿಗಳ ಮೇಲೆಯೇ ನಡೆಯಿತು. ಮುಂದೆ ಹೇಳುವ ಒಂದು ಶಾಸನದಲ್ಲಿ ಈ ದಾರಿಗಳು ಮತ್ತೆ ಬರುತ್ತವೆ.

ಈಗಿನ ಕಾಯಿದೆಯ ಸ್ಥಿತಿ ಹೀಗಿದೆ. 1958ರಲ್ಲಿ ಅಮೆರಿಕೆಯ ಕೇಂದ್ರ ಶಾಸನವೊಂದು ಹತ್ತು ಅಶ್ವಶಕ್ತಿಗೆ ಮೀರಿದ ಮೋಟಾರು ದೋಣಿಗಳಿಗೆ ಸಂಖ್ಯೆ ಕೊಡುವ ಹೊಣೆಯನ್ನು ಸಂಸ್ಥಾನಗಳಿಗೆ ಒಪ್ಪಿಸಿತು. 1971ರ ಶಾಸನ ಆ ಮಿತಿಯನ್ನು ತೆಗೆದುಹಾಕಿತು. ಯಂತ್ರವಿರುವ ದೋಣಿ ಎಷ್ಟು ಚಿಕ್ಕದಾದರೂ ಅದಕ್ಕೆ ಸಂಖ್ಯೆ ಬೇಕಾಯಿತು. ಆದರೆ ಬರಿಯ ತೋಳಿನ ಬಲದಿಂದ ಸಾಗುವ ದೋಣಿಯ ಮಾತನ್ನು ಕೇಂದ್ರ ಎತ್ತಲಿಲ್ಲ. ಅದನ್ನು ಸಂಸ್ಥಾನಗಳ ಇಚ್ಛೆಗೆ ಬಿಟ್ಟಿತು. ಇಚ್ಛೆಗೆ ಬಿಟ್ಟ ಮೇಲೆ ಕೇಳಬೇಕೆ? ಮಿನೆಸೋಟ ಮತ್ತು ಒಹಾಯೋ ನೋಂದಣಿ ಬೇಕೆನ್ನುತ್ತವೆ. ವಿಸ್ಕಾನ್ಸಿನ್ ಬೇಡವೆನ್ನುತ್ತದೆ. ಮಿನೆಸೋಟಕ್ಕೂ ವಿಸ್ಕಾನ್ಸಿನಿಗೂ ಗಡಿಯಾಗಿ ಸೇಂಟ್ ಕ್ರೋಯ್ ಎಂಬ ಸುಂದರವಾದ ನದಿ ಹರಿಯುತ್ತದೆ. ಅದರ ಒಂದು ದಡದ ನಿವಾಸಿ ತನ್ನ ಕೆನೂವಿಗೆ ಹಣ ಕಟ್ಟಿರಬೇಕು, ಎದುರು ದಡದವನು ಕಟ್ಟಬೇಕಾಗಿಲ್ಲ. ನೀರು ಒಂದೇ.

ಮಿನೆಸೋಟದ ಕಾಯಿದೆಯಲ್ಲಿ ಕೆಲವು ವಿನಾಯಿತಿಗಳಿವೆ. ಓದಿದಾಗ ನನಗೆ ಅವು ಬಹಳ ಹಿಡಿಸಿದವು. ಯಂತ್ರವಿಲ್ಲದ, ಹತ್ತು ಅಡಿ ಮೀರದ ದೋಣಿಗೆ ನೋಂದಣಿ ಬೇಡ. ಬಾತುಕೋಳಿ ಬೇಟೆಯ ಕಾಲದಲ್ಲಿ ಬೇಟೆಯ ದೋಣಿಗೆ ಬೇಡ. ಸುಗ್ಗಿಯ ಕಾಲದಲ್ಲಿ ಅಕ್ಕಿಯ ದೋಣಿಗೂ ಬೇಡ. ಅಕ್ಕಿಯ ದೋಣಿ ಎಂದರೆ ಅಕ್ಕಿ ಮೂಟೆ ಸಾಗಿಸುವ ದೋಣಿಯಲ್ಲ. ಅಲ್ಲಿನ ಆಳವಿಲ್ಲದ ಸರೋವರಗಳಲ್ಲಿ ತಾನಾಗಿ ಬೆಳೆಯುವ ಒಂದು ಕಾಡುಭತ್ತವಿದೆ. ಒಬ್ಬರು ಉದ್ದನೆಯ ಗಳುವಿನಿಂದ ದೋಣಿಯನ್ನು ಪೈರಿನ ನಡುವೆ ಮೆಲ್ಲನೆ ತಳ್ಳುತ್ತಾರೆ. ಇನ್ನೊಬ್ಬರು ಎರಡು ಕೋಲುಗಳಿಂದ ತೆನೆಗಳನ್ನು ದೋಣಿಯ ಮೇಲಕ್ಕೆ ಬಾಗಿಸಿ ತಟ್ಟಿ ಕಾಳು ಉದುರಿಸುತ್ತಾರೆ. ಓಜಿಬ್ವೆ ಜನರಿಗೆ ಇದು ಬರಿಯ ಆಹಾರವಲ್ಲ, ಪವಿತ್ರವಾದ ಬೆಳೆ. ಸುಂಕದ ಪುಸ್ತಕದಲ್ಲಿ ಸುಗ್ಗಿಗಾಗಿ ಒಂದು ಸಾಲನ್ನು ಬಿಟ್ಟುಕೊಟ್ಟ ಶಾಸಕನಾರೋ, ಅವನಿಗೆ ಅನ್ನದ ಬೆಲೆ ತಿಳಿದಿತ್ತು.

ಇನ್ನು ಸುಂಕ ಬೇಕೆನ್ನುವವರ ಪಕ್ಷ. ಇವರಲ್ಲಿ ಮುಂಚೂಣಿಯವರು ಮೋಟಾರು ದೋಣಿಯ ಒಡೆಯರು ಮತ್ತು ಮೀನು ಹಿಡಿಯುವವರು. ಅವರ ಅಳಲಿಗೆ ಕಾರಣವಿದೆ. 1950ರ ಒಂದು ಶಾಸನದಂತೆ ಗಾಳ, ದಾರ, ಮೀನುಕೋಲು ಮೊದಲಾದವುಗಳ ಮೇಲೆ ತಯಾರಕರು ತೆರಿಗೆ ಕೊಡುತ್ತಾರೆ. ಅದು ಬೆಲೆಯಲ್ಲಿ ಸೇರಿ ಕೊನೆಗೆ ಬೀಳುವುದು ಮೀನು ಹಿಡಿಯುವವನ ತಲೆಯ ಮೇಲೆ. 1984ರಲ್ಲಿ ಇದನ್ನು ವಿಸ್ತರಿಸಿ ಮೋಟಾರು ದೋಣಿಗಳು ಸುಡುವ ಇಂಧನದ ತೆರಿಗೆಯನ್ನೂ ಅದೇ ನಿಧಿಗೆ ಸೇರಿಸಿದರು. ನಿಧಿಯ ಹಣ ಸಂಸ್ಥಾನಗಳಿಗೆ ಹಂಚಿಕೆಯಾಗುತ್ತದೆ. ಮೀನು ಸಂವರ್ಧನೆಗೆಂದು ಬಂದ ಪಾಲಿನಲ್ಲಿ ನೂರಕ್ಕೆ 15ರಷ್ಟನ್ನು ದೋಣಿ ಇಳಿಸುವ ಸೌಕರ್ಯಗಳಿಗೆ ವೆಚ್ಚ ಮಾಡಬೇಕೆಂಬುದು ಈಗಿನ ನಿಯಮ. ಹೀಗೆ ಗಾಳದವನ ಹಣದಿಂದ, ಪೆಟ್ರೋಲಿನವನ ಹಣದಿಂದ ಘಟ್ಟ ಸಿದ್ಧವಾಯಿತು. ರಜೆಯ ದಿನ ಬೆಳಿಗ್ಗೆ ಅವನು ದೋಣಿ ಎಳೆದುಕೊಂಡು ಬಂದು ನೋಡಿದರೆ, ಕಾರು ನಿಲ್ಲಿಸುವ ಜಾಗವೆಲ್ಲ ತಲೆಯ ಮೇಲೆ ಕಯಾಕು ಹೊತ್ತ ಕಾರುಗಳಿಂದ ತುಂಬಿದೆ. ಅವರು ಪೆಟ್ರೋಲು ಸುಡುವುದಿಲ್ಲ, ಗಾಳ ಹಾಕುವುದಿಲ್ಲ, ನೋಂದಣಿಯೂ ಇಲ್ಲ. ಊಟಕ್ಕೆ ಮುಂದೆ, ಎಲೆ ಎತ್ತುವಾಗ ಇಲ್ಲ ಎಂಬಂತಾಯಿತಲ್ಲ ಎಂದು ಅವನು ಗೊಣಗಿದರೆ ತಪ್ಪೇನು?

ಹುಟ್ಟಿನವರ ಉತ್ತರವೂ ಸಿದ್ಧವಾಗಿದೆ. "ನಿಮ್ಮ ದೋಣಿಗೆ ಕಾಂಕ್ರೀಟಿನ ಇಳಿಜಾರು ಬೇಕು, ಗಾಡಿ ತಿರುಗಿಸಲು ಅಂಗಳ ಬೇಕು. ನಮಗೆ ಒಂದಿಷ್ಟು ಮರಳುದಂಡೆ ಸಾಕು. ನಾವು ಅಲೆ ಎಬ್ಬಿಸಿ ದಡ ಕೊರೆಯುವುದಿಲ್ಲ, ನೀರಿಗೆ ಎಣ್ಣೆ ಬಿಡುವುದಿಲ್ಲ, ಸದ್ದು ಮಾಡಿ ಹಕ್ಕಿಗಳನ್ನು ಓಡಿಸುವುದಿಲ್ಲ. ಆನೆಯ ಲಾಯದ ಖರ್ಚನ್ನು ಆಡಿನಿಂದ ವಸೂಲು ಮಾಡುವುದು ಯಾವ ನ್ಯಾಯ?" ಈ ಮಾತಿನಲ್ಲಿ ಸತ್ಯಾಂಶ ಬಹಳವಿದೆ. ಆದರೆ ಪೂರ್ಣ ಸತ್ಯವಲ್ಲ. ಮರಳುದಂಡೆಗೆ ಹೋಗುವ ನೆಲ ಯಾರದೋ ಖಾಸಗಿಯವರದಾಗಿದ್ದರೆ ಅದನ್ನು ಕೊಳ್ಳಬೇಕು; ಕಸದ ತೊಟ್ಟಿ, ಶೌಚಾಲಯ ಇಡಬೇಕು. ಮಿನೆಸೋಟ 1963ರಿಂದ ತನ್ನ ನದಿಗಳಲ್ಲಿ ಹುಟ್ಟಿನ ದೋಣಿಗಳಿಗಾಗಿಯೇ ಜಲಮಾರ್ಗಗಳನ್ನು ಗುರುತಿಸುತ್ತ ಬಂದಿದೆ. ಇಂದು ಅವುಗಳ ಉದ್ದ 4,000 ಮೈಲಿಗಳಿಗೂ ಹೆಚ್ಚು. ದಡದಲ್ಲಿ ತಂಗುವ ಸ್ಥಳಗಳಿವೆ, ಹೊರುದಾರಿಗಳಿವೆ, ನಕ್ಷೆಗಳಿವೆ. ಬಿರುಗಾಳಿಗೆ ಬಿದ್ದ ಮರ ತಾನಾಗಿ ಎದ್ದು ಹೋಗುವುದಿಲ್ಲವಷ್ಟೆ. ಅದನ್ನು ಕಡಿದು ತೆಗೆಯುವವನಿಗೆ ಕೂಲಿ ಕೊಡಬೇಕು.

ಎರಡನೆಯ ಕಾರಣ ವಿಚಿತ್ರವಾದುದು. ಅದು ಒಂದು ಚಿಪ್ಪಿನ ಹುಳು. ಹೊರದೇಶದಿಂದ ಹಡಗುಗಳ ತಳದ ನೀರಿನಲ್ಲಿ ಬಂದ ಜೀಬ್ರಾ ಮಸಲ್ ಎಂಬ ಬೆರಳುಗುರಿನಷ್ಟು ಗಾತ್ರದ ಮಳಿ 1988ರಲ್ಲಿ ಮಹಾಸರೋವರಗಳ ಪ್ರದೇಶದಲ್ಲಿ ಕಾಣಿಸಿಕೊಂಡಿತು. ಅದರ ದಾಯಾದಿ ಕ್ವಾಗ್ಗ ಮಸಲ್ 2007ರ ಜನವರಿಯಲ್ಲಿ ದೂರದ ಪಶ್ಚಿಮದ ಮೀಡ್ ಜಲಾಶಯದಲ್ಲಿ ಕಂಡುಬಂದಿತು. ಇವು ಕೊಳವೆಗಳ ಒಳಗೆ ಪದರು ಪದರಾಗಿ ಅಂಟಿ ನೀರಿನ ದಾರಿ ಮುಚ್ಚುತ್ತವೆ. ನೀರಿನಲ್ಲಿರುವ ಸೂಕ್ಷ್ಮ ಆಹಾರವನ್ನೆಲ್ಲ ಸೋಸಿ ತಿಂದು ಮೀನುಮರಿಗಳಿಗೆ ಇಲ್ಲದಂತೆ ಮಾಡುತ್ತವೆ. ಒಮ್ಮೆ ಹರಡಿದರೆ ದೊಡ್ಡ ಸರೋವರದಿಂದ ನಿರ್ಮೂಲ ಮಾಡುವ ಉಪಾಯವಿಲ್ಲ. ಒಂದು ಸರೋವರದಿಂದ ಇನ್ನೊಂದಕ್ಕೆ ಇವು ಪ್ರಯಾಣ ಮಾಡುವುದು ದೋಣಿಗಳ ಮೇಲೆ. ಐಡಾಹೋ ಸಂಸ್ಥಾನ ಇದಕ್ಕೆ ಹೆದರಿ 2009ರಿಂದಲೇ ದೋಣಿಗಳ ತಪಾಸಣೆಯ ವೆಚ್ಚಕ್ಕೆಂದು ಒಂದು ಚೀಟಿಯನ್ನು ಕಡ್ಡಾಯ ಮಾಡಿತು; ಮೋಟಾರಿಲ್ಲದ ದೋಣಿಗೂ ಕೆಲವೇ ಡಾಲರುಗಳ ಚೀಟಿ ಬೇಕು, ಗಾಳಿ ತುಂಬುವ ಸಣ್ಣ ತೆಪ್ಪಗಳಿಗೆ ಮಾತ್ರ ಬೇಡ. ಇಷ್ಟು ಎಚ್ಚರವಿದ್ದರೂ 2023ರ ಸೆಪ್ಟೆಂಬರಿನಲ್ಲಿ ಅಲ್ಲಿಯ ಸ್ನೇಕ್ ನದಿಯಲ್ಲಿ, ಟ್ವಿನ್ ಫಾಲ್ಸ್ ಊರಿನ ಬಳಿ, ಕ್ವಾಗ್ಗ ಮರಿಗಳು ಸಿಕ್ಕಿದವು. ನದಿಗೆ ತಾಮ್ರದ ಔಷಧಿ ಸುರಿದರು. ಅದರಿಂದ ಮೀನುಗಳೂ ರಾಶಿರಾಶಿಯಾಗಿ ಸತ್ತವು. ಮರುವರ್ಷ ಮತ್ತೆ ಮರಿಗಳು ಕಂಡವು, ಮತ್ತೆ ಔಷಧಿ ಹಾಕಬೇಕಾಯಿತು.

ಕಯಾಕಿನಿಂದ ಈ ಪಿಡುಗು ಹರಡುವ ಸಂಭವ ದೊಡ್ಡ ಮೋಟಾರು ದೋಣಿಗಿಂತ ಕಡಿಮೆ. ಒಡಲಲ್ಲಿ ನೀರು ತುಂಬಿಕೊಳ್ಳುವ ತೊಟ್ಟಿಗಳು ಅದಕ್ಕಿಲ್ಲ. ಬಿಸಿಲಿಗೆ ಬೇಗ ಒಣಗುತ್ತದೆ. ಆದರೆ ಕಡಿಮೆ ಎಂದರೆ ಇಲ್ಲವೆಂದಲ್ಲ. ದೋಣಿಯ ಮೂಲೆಯಲ್ಲಿ ಉಳಿದ ಒಂದು ಬೊಗಸೆ ನೀರಿನಲ್ಲಿ ಕಣ್ಣಿಗೆ ಕಾಣದ ಮರಿಗಳು ಇರಬಹುದು. ತಪಾಸಣೆಯ ಕಟ್ಟೆಯಲ್ಲಿ ನಿಂತ ಹುಡುಗನು ದೋಣಿಯನ್ನು ನೋಡಬೇಕಾದರೆ ಅವನಿಗೆ ಸಂಬಳ ಬೇಕು. ಈ ಕಾರಣಕ್ಕೆ ಕೇಳುವ ಹಣಕ್ಕೆ ನನ್ನ ಆಕ್ಷೇಪವಿಲ್ಲ.

ಮೂರನೆಯದು ಪ್ರಾಣದ ಮಾತು. ಅಮೆರಿಕೆಯ ಕರಾವಳಿ ಕಾವಲು ಪಡೆಯ ಲೆಕ್ಕದಂತೆ 2023ರಲ್ಲಿ ವಿನೋದದ ದೋಣಿಯಾನದಲ್ಲಿ ಸತ್ತವರು 564 ಮಂದಿ. ಕಾರಣ ತಿಳಿದ ಸಾವುಗಳಲ್ಲಿ ನೂರಕ್ಕೆ 75 ಮುಳುಗಿ ಆದವು. ಹಾಗೆ ಮುಳುಗಿದವರಲ್ಲಿ, ವಿವರ ದೊರೆತ ಮಟ್ಟಿಗೆ, ನೂರಕ್ಕೆ 87 ಮಂದಿ ಲೈಫ್ ಜಾಕೆಟ್ಟು ತೊಟ್ಟಿರಲಿಲ್ಲ. ಇವರೆಲ್ಲರೂ ಕೆನೂ ಕಯಾಕುಗಳವರಲ್ಲ, ಆದರೆ ಅವರ ಪಾಲು ಸಣ್ಣದೂ ಅಲ್ಲ. ಹಿಂದೆ ಕೆನೂ ನಡೆಸುವುದನ್ನು ತಂದೆಯಿಂದಲೋ ಬೇಸಗೆಯ ಶಿಬಿರದಲ್ಲೋ ಕಲಿಯುತ್ತಿದ್ದರು. ಇಂದು ಸಾಮಾನು ಅಂಗಡಿಯಲ್ಲಿ ಕುರ್ಚಿ ಕೊಂಡಂತೆ ಪ್ಲಾಸ್ಟಿಕ್ಕಿನ ಕಯಾಕು ಕೊಂಡು, ಅದೇ ಸಂಜೆ ತಣ್ಣನೆಯ ನೀರಿಗೆ ಇಳಿಯುವವರಿದ್ದಾರೆ. ಅಂಥವನನ್ನು ಸರಕಾರ ಒಮ್ಮೆಯಾದರೂ ಎದುರುಗೊಳ್ಳುವುದು ನೋಂದಣಿಯ ಕಚೇರಿಯಲ್ಲಿ. ಆಗ ಅವನ ಕೈಗೆ ನಾಲ್ಕು ಪುಟದ ತಿಳಿವಳಿಕೆಯ ಪುಸ್ತಿಕೆ ಕೊಡಬಹುದಲ್ಲ ಎನ್ನುತ್ತಾರೆ. ವಾದ ಚೆನ್ನಾಗಿದೆ. ಆದರೆ ಪುಸ್ತಿಕೆಯನ್ನು ಅಂಗಡಿಯವನೂ ಕೊಡಬಹುದು. ತೇಲುತ್ತಿರುವ ಬರಿದಾದ ದೋಣಿ ಸಿಕ್ಕಾಗ ಒಡೆಯ ಮುಳುಗಿದನೋ, ಮನೆಯಲ್ಲಿ ಮಲಗಿದ್ದಾನೋ ತಿಳಿಯಲು ಸಂಖ್ಯೆ ಬೇಕೆಂಬುದು ಇನ್ನೊಂದು ಸಮರ್ಥನೆ. ಇದಕ್ಕೂ ಕಾವಲು ಪಡೆಯವರು ಬಿಟ್ಟಿಯಾಗಿ ಹಂಚುವ ಒಂದು ಅಂಟುಚೀಟಿ ಇದೆ. ಅದರ ಮೇಲೆ ಹೆಸರು, ಫೋನು ಬರೆದು ದೋಣಿಯ ಒಳಗೆ ಅಂಟಿಸಿದರೆ ಕೆಲಸವಾಯಿತು. ಮುಳುಗುವವನನ್ನು ತೇಲಿಸುವುದು ಅವನು ತೊಟ್ಟ ಅಂಗಿಯೇ ಹೊರತು ದೋಣಿಯ ಮೂತಿಗೆ ಬರೆದ ಅಂಕಿಯಲ್ಲ.

ಇಷ್ಟು ಹೇಳಿದರೂ ಅಕ್ಕನ ಮೂಲ ಪ್ರಶ್ನೆಗೆ ಉತ್ತರ ಬರಲಿಲ್ಲ. ಸರೋವರವನ್ನು ಇವರೇನು ತೋಡಿಸಿದರೆ ಎಂಬುದು ಕೋಪದ ಮಾತಷ್ಟೇ ಎಂದು ನಾನು ಮೊದಲು ಎಣಿಸಿದ್ದೆ. ಹುಡುಕಿ ನೋಡಿದರೆ ಅದು ಅಮೆರಿಕೆಯ ಸಂವಿಧಾನಕ್ಕಿಂತಲೂ ಹಳೆಯ ಮಾತು. 1787ರ ಜುಲೈ ತಿಂಗಳಲ್ಲಿ, ಹೊಸ ರಾಷ್ಟ್ರದ ಪ್ರತಿನಿಧಿ ಸಭೆ ಒಹಾಯೋ ನದಿಯ ವಾಯವ್ಯಕ್ಕಿದ್ದ ವಿಶಾಲ ಪ್ರದೇಶದ ಆಡಳಿತಕ್ಕಾಗಿ ಒಂದು ಶಾಸನ ಮಾಡಿತು. ಇಂದಿನ ಒಹಾಯೋ, ಇಂಡಿಯಾನ, ಇಲಿನಾಯ್, ಮಿಷಿಗನ್, ವಿಸ್ಕಾನ್ಸಿನ್ ಮತ್ತು ಮಿನೆಸೋಟದ ಒಂದು ಭಾಗ ಅದರಲ್ಲಿ ಸೇರಿದ್ದವು. ಆ ಶಾಸನದ ನಾಲ್ಕನೆಯ ವಿಧಿಯ ತಾತ್ಪರ್ಯ ಹೀಗೆ: ಮಿಸಿಸಿಪ್ಪಿಗೂ ಸೇಂಟ್ ಲಾರೆನ್ಸಿಗೂ ಸೇರುವ ನೌಕಾಯೋಗ್ಯ ಜಲಗಳೂ, ಅವುಗಳ ನಡುವಿನ ಹೊರುದಾರಿಗಳೂ ಸರ್ವಸಾಮಾನ್ಯವಾದ ಹೆದ್ದಾರಿಗಳಾಗಿರತಕ್ಕದ್ದು; ಅವು ಎಂದೆಂದಿಗೂ ಮುಕ್ತವಾಗಿರತಕ್ಕದ್ದು; ಅವುಗಳಿಗಾಗಿ ಯಾವ ತೆರಿಗೆಯೂ ಸುಂಕವೂ ಕೂಡದು. ಹೊರುದಾರಿ ಎಂಬ ಮಾತನ್ನು ಗಮನಿಸಬೇಕು. ದೊಡ್ಡ ಹಡಗುಗಳನ್ನು ಯಾರೂ ಹೆಗಲ ಮೇಲೆ ಹೊರುವುದಿಲ್ಲ. ಆ ವಿಧಿಯನ್ನು ಬರೆದವರ ಕಣ್ಣೆದುರಿಗೆ ಇದ್ದದ್ದು ಕೆನೂವೇ. ವಿಸ್ಕಾನ್ಸಿನ್ ಈ ಮಾತುಗಳನ್ನು ತನ್ನ ಸಂವಿಧಾನದಲ್ಲಿ ಬರೆದುಕೊಂಡಿತು, ಮಿನೆಸೋಟವೂ ಬರೆದುಕೊಂಡಿತು. ಒಂದೇ ಪ್ರತಿಜ್ಞೆಯನ್ನು ಮಾಡಿದ ಇಬ್ಬರಲ್ಲಿ ಒಬ್ಬರು ಇಂದು ಕೆನೂವಿಗೆ ಹಣ ಕೇಳುತ್ತಾರೆ, ಇನ್ನೊಬ್ಬರು ಕೇಳುವುದಿಲ್ಲ!

ಹಾಗಾದರೆ ಮಿನೆಸೋಟ ಮಾತಿಗೆ ತಪ್ಪಿತೆ? ಇಲ್ಲಿ ಹತ್ತೊಂಬತ್ತನೆಯ ಶತಮಾನದ ಒಂದು ಮೊಕದ್ದಮೆ ಸಹಾಯಕ್ಕೆ ಬರುತ್ತದೆ. ಇಲಿನಾಯ್ ನದಿಗೆ ಆ ಸಂಸ್ಥಾನ ಅಣೆಕಟ್ಟು, ಬಾಗಿಲುಗಾಲುವೆಗಳನ್ನು ಕಟ್ಟಿಸಿ, ಹಾದುಹೋಗುವ ದೋಣಿಗಳಿಂದ ಶುಲ್ಕ ಎತ್ತತೊಡಗಿತು. ನದಿಯಲ್ಲಿ ಮಂಜುಗಡ್ಡೆ ಸಾಗಿಸುತ್ತಿದ್ದ ವ್ಯಾಪಾರಿಗಳು ಇದನ್ನು ಪ್ರಶ್ನಿಸಿದರು: 1787ರ ಶಾಸನದಂತೆ ನದಿ ಸುಂಕಮುಕ್ತವಲ್ಲವೆ? 1886ರಲ್ಲಿ ಸುಪ್ರೀಂ ಕೋರ್ಟು ವ್ಯಾಪಾರಿಗಳ ವಾದವನ್ನು ಒಪ್ಪಲಿಲ್ಲ. ಅದರ ತೀರ್ಪಿನ ಸಾರಾಂಶ: ನದಿಯನ್ನು ಅದರ ಸಹಜ ಸ್ಥಿತಿಯಲ್ಲಿ ಬಳಸಿದ್ದಕ್ಕೆ ಹಣ ಕೇಳಿದರೆ ಅದು ಸುಂಕ, ಅದು ಕೂಡದು, ಮನುಷ್ಯರು ಕಟ್ಟಿದ ಸೌಕರ್ಯವನ್ನು ಬಳಸಿದ್ದಕ್ಕೆ ಹಣ ಕೇಳಿದರೆ ಅದು ಪ್ರತಿಫಲ, ಅದಕ್ಕೆ ಅಡ್ಡಿಯಿಲ್ಲ. ನೀರು ಬೇರೆ, ನೀರಿಗೆ ಕಟ್ಟಿದ ಮೆಟ್ಟಿಲು ಬೇರೆ.

ಈ ಭೇದವೇ ನನಗೆ ಇಡೀ ವಿವಾದದ ಕೀಲಿಕೈಯಾಗಿ ತೋರುತ್ತದೆ. ನಮ್ಮ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ ಎಂದು ಬಗೆಬಗೆಯ ಸುಂಕಗಳ ಹೆಸರು ಬರುತ್ತವೆ. ಆ ಸುಂಕದ ಆದಾಯವನ್ನು ಇಂಥ ದೇಗುಲಕ್ಕೆ, ಇಂಥ ಕೆರೆಗೆ ಎಂದು ಬಿಟ್ಟುಕೊಟ್ಟ ದತ್ತಿಗಳೂ ಉಂಟು. ಎಲ್ಲಿಂದ ಬಂತು ಎನ್ನುವುದರ ಜೊತೆಗೆ ಎಲ್ಲಿಗೆ ಹೋಯಿತು ಎನ್ನುವುದನ್ನೂ ಕಲ್ಲಿನ ಮೇಲೆ ಕೊರೆಯುತ್ತಿದ್ದರು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣನೂ ಇದ್ದ, ಅಂಬಿಗರ ಚೌಡಯ್ಯನೂ ಇದ್ದ. ಸುಂಕದವನೂ ದೋಣಿಯವನೂ ಈ ಪ್ರಶ್ನೆಯನ್ನು ಎದುರುಬದುರಾಗಿ ಕುಳಿತು ಚರ್ಚಿಸಿದ್ದರೆ ಎಂಥ ಸಂವಾದವಾಗುತ್ತಿತ್ತೋ! ಇರಲಿ.

ನೋಂದಣಿ ಎಂಬುದು ದೋಣಿಯ ಮೇಲೆ ಹೇರುವ ಸುಂಕ. ದೋಣಿ ವರ್ಷವೆಲ್ಲ ಗೋಡೆಗೆ ಒರಗಿ ಧೂಳು ತಿನ್ನುತ್ತಿದ್ದರೂ ಹಣ ಕಟ್ಟಿರಬೇಕು. ಇಲ್ಲವಾದರೆ ಮುಂದೊಂದು ಭಾನುವಾರ ನೀರಿಗಿಳಿಸುವಂತಿಲ್ಲ. ಅಮೆರಿಕೆಯ ಸಾಮಾನ್ಯ ಕುಟುಂಬದಲ್ಲಿಯೂ ಗಂಡನಿಗೊಂದು, ಹೆಂಡತಿಗೊಂದು, ಮಕ್ಕಳಿಗೆರಡು ಎಂದು ನಾಲ್ಕು ಕಯಾಕುಗಳಿರುವುದು ಅಪರೂಪವಲ್ಲ. ಕಾರಿನಂತೆ ಒಂದೊಂದಕ್ಕೂ ಪ್ರತ್ಯೇಕ ಕಾಗದ, ಪ್ರತ್ಯೇಕ ಹಣ ಎಂದರೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ಕಚೇರಿಗೂ ಅಷ್ಟೇ, ಹತ್ತಿಪ್ಪತ್ತು ಡಾಲರು ವಸೂಲು ಮಾಡಲು ಒಡೆತನದ ದಾಖಲೆ, ವರ್ಗಾವಣೆಯ ದಾಖಲೆ, ನವೀಕರಣದ ಪತ್ರ ಎಂದು ಗುಮಾಸ್ತರ ಕೆಲಸ ಬೆಳೆಯುತ್ತದೆ. ಒಹಾಯೋದವರಿಗೆ ಇದರ ಕಿರಿಕಿರಿ ತಿಳಿದಿರಬೇಕು. ದೋಣಿಯ ಮೈಮೇಲೆ ದೊಡ್ಡ ಅಂಕಿಗಳು ಬೇಡವೆನ್ನುವ ಕೆನೂ ಒಡೆಯರು ಕೊಂಚ ಹೆಚ್ಚು ಹಣ ಕೊಟ್ಟು ಬೇರೆ ಬಗೆಯ ನೋಂದಣಿ ಪಡೆಯಬಹುದೆಂದು ಅಲ್ಲಿ ಏರ್ಪಾಡು ಮಾಡಿದ್ದಾರೆ. ಮೋಟಾರು ದೋಣಿಯ ಅಳತೆಗೆ ಹೊಲಿದ ಅಂಗಿಯನ್ನು ತೆಪ್ಪಕ್ಕೆ ತೊಡಿಸಿ, ಆಮೇಲೆ ತೋಳು ಕತ್ತರಿಸುತ್ತ ಕುಳಿತಂತಾಯಿತು.

ಪೆನ್ಸಿಲ್ವೇನಿಯದವರು ಹಿಡಿದ ದಾರಿ ಇದಕ್ಕಿಂತ ನೇರವಾಗಿದೆ. ಅಲ್ಲಿ ಹುಟ್ಟಿನ ದೋಣಿಗೆ ನೋಂದಣಿ ಕಡ್ಡಾಯವಲ್ಲ. ಸಂಸ್ಥಾನದ ಮೀನು ಮತ್ತು ದೋಣಿ ಮಂಡಲಿ ನಿರ್ಮಿಸಿದ ಘಟ್ಟದಲ್ಲಿಯೋ, ಸಂಸ್ಥಾನದ ಉದ್ಯಾನದಲ್ಲಿಯೋ ಇಳಿಸುವುದಾದರೆ ಮಾತ್ರ ಒಂದು ಪರವಾನಗಿ ಬೇಕು. ಸೇತುವೆಯ ಕೆಳಗಿನ ಕೆಸರಿನಲ್ಲಿ ಇಳಿಸಿಕೊಳ್ಳುವ ಹುಡುಗನ ತಂಟೆಗೆ ಯಾರೂ ಬರುವುದಿಲ್ಲ. ಆರೆಗನ್ ಸಂಸ್ಥಾನ 2020ರಿಂದ ಇನ್ನೊಂದು ಕ್ರಮವನ್ನು ಜಾರಿಗೆ ತಂದಿತು. ಅಲ್ಲಿ ಕೊಡುವುದು ಜಲಪ್ರವೇಶದ ಚೀಟಿ. ಆರಂಭದಲ್ಲಿ ಅದು ಹತ್ತು ಅಡಿ ಮತ್ತು ಅದಕ್ಕೆ ಮೇಲ್ಪಟ್ಟ ದೋಣಿಗಳಿಗೆ ಅನ್ವಯಿಸಿತು. ಆಗ ದರ ವರ್ಷಕ್ಕೆ 17 ಡಾಲರಿತ್ತು. ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬೇಡ. ಇವತ್ತು ಈ ದೋಣಿಗೆ, ನಾಳೆ ಆ ದೋಣಿಗೆ ಎಂದು ಒಂದೇ ಚೀಟಿಯನ್ನು ಬಳಸಬಹುದು. ಬಂದ ಹಣ ಚಿಪ್ಪಿನ ಹುಳುಗಳ ತಪಾಸಣೆಗೆ ಮತ್ತು ಹುಟ್ಟಿನ ದೋಣಿಗಳಿಗೆ ಬೇಕಾದ ಘಟ್ಟಗಳನ್ನು ಕಟ್ಟುವ ಅನುದಾನಕ್ಕೆ ಹೋಗಬೇಕೆಂದು ಶಾಸನದಲ್ಲಿಯೇ ಬರೆದಿದ್ದಾರೆ.

ಆದುದರಿಂದ ನನ್ನ ಅಭಿಪ್ರಾಯವಿದು. ಕೆನೂ ಕಯಾಕುಗಳ ನೋಂದಣಿಯನ್ನು ಸಂಸ್ಥಾನಗಳು ಕಡ್ಡಾಯ ಮಾಡಬಾರದು. ಆದರೆ ಘಟ್ಟವನ್ನೂ ತಪಾಸಣೆಯನ್ನೂ ಬಳಸುವವನಿಂದ ಸಣ್ಣದೊಂದು ಚೀಟಿಯ ಹಣ ಪಡೆಯಬಹುದು, ಆ ಹಣ ಬೇರೆಲ್ಲಿಯೂ ಹರಿಯದೆ ನೀರಿನ ಅಂಚಿನಲ್ಲಿಯೇ ವೆಚ್ಚವಾಗುವಂತಿದ್ದರೆ. ಸಾಮಾನ್ಯ ಖಜಾನೆಯ ತೂತು ಮುಚ್ಚಲು ಕಯಾಕಿನವನ ಜೇಬಿಗೆ ಕೈ ಹಾಕುವುದಾದರೆ, ಅಕ್ಕನ ಪಕ್ಷವೇ ಸರಿ. ಬಡವನ ಮಾತನ್ನೂ ಮರೆಯುವಂತಿಲ್ಲ. ಆ ದೇಶದಲ್ಲಿ ನೀರಿನ ಮೇಲಿನ ವಿನೋದಗಳಲ್ಲಿ ಅತ್ಯಂತ ಅಗ್ಗದ್ದು ಇದೊಂದೇ. ಮೋಟಾರು ದೋಣಿ ಕೊಳ್ಳಲಾರದ, ಸರೋವರದ ದಂಡೆಯಲ್ಲಿ ಮನೆ ಕಟ್ಟಲಾರದ ಸಂಸಾರ, ಹಳೆಯ ಕೆನೂವೊಂದನ್ನು ಕಾರಿನ ನೆತ್ತಿಗೆ ಹಗ್ಗದಿಂದ ಬಿಗಿದು ಹೊರಟರೆ, ದಂಡೆಯ ಬಂಗಲೆಯ ಶ್ರೀಮಂತ ನೋಡುವ ಸೂರ್ಯಾಸ್ತವನ್ನೇ ತಾನೂ ನೋಡುತ್ತದೆ. ಬಂಗಲೆಯವನು ತನ್ನ ಹಿತ್ತಲಿನಿಂದಲೇ ನೀರಿಗಿಳಿಯುತ್ತಾನೆ. ಸಾರ್ವಜನಿಕ ಘಟ್ಟ ಬೇಕಾದದ್ದು ಹಿತ್ತಲಿಲ್ಲದವನಿಗೆ. ಘಟ್ಟದ ದರ ನಿಶ್ಚಯಿಸುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇದು ದೂರದೇಶದ ಹರಟೆ ಎಂದು ವಾಚಕರು ಪುಟ ಮಗುಚದಿರಲಿ. ಪ್ರಶ್ನೆ ನಮ್ಮ ನದಿಗಳಿಗೂ ಬಂದು ನಿಂತಿದೆ. ಯಂತ್ರದ ದೋಣಿಗಳನ್ನಷ್ಟೇ ನೋಡಿಕೊಳ್ಳುತ್ತಿದ್ದ 1917ರ ಹಳೆಯ ಕಾಯಿದೆಯನ್ನು ತೆಗೆದು, ನಮ್ಮ ಪಾರ್ಲಿಮೆಂಟು 2021ರಲ್ಲಿ ಒಳನಾಡಿನ ನೌಕೆಗಳಿಗೆ ಹೊಸ ಕಾಯಿದೆ ಮಾಡಿತು. ಯಂತ್ರವಿಲ್ಲದ ದೋಣಿಗಳಿಗೂ ಅದರಲ್ಲಿ ಜಾಗವಿದೆ. ಜಿಲ್ಲೆ, ತಾಲ್ಲೂಕು, ಪಂಚಾಯಿತಿ, ಗ್ರಾಮಗಳ ಮಟ್ಟದಲ್ಲಿ ಅವುಗಳ ಹೆಸರು ದಾಖಲಿಸುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿದ್ದಾರೆ. ಹಾಗೆಂದರೆ ತುಂಗಭದ್ರೆಯ ಹರಿಗೋಲು, ಕರಾವಳಿಯ ಹೊಳೆಗಳ ಪಾತಿದೋಣಿ, ಈಚೆಗೆ ಸಾಸ್ತಾನದ ಕಡೆ ಕಾಂಡ್ಲಾ ಕಾಡಿನ ನಡುವೆ ಪ್ರವಾಸಿಗಳು ನಡೆಸುವ ಕಯಾಕು, ಎಲ್ಲವೂ ಒಂದೇ ಪುಸ್ತಕಕ್ಕೆ ಏರಬಹುದು.

ಆನೆಗೊಂದಿಯ ಬಳಿಯ ಹರಿಗೋಲುಗಳನ್ನು 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ತುಗೀಸ ಪ್ರವಾಸಿ ಡೊಮಿಂಗೊ ಪಾಯಸ್ ಕಂಡು ಬರೆದಿದ್ದಾನೆ. ಬುಟ್ಟಿಯಂಥ ದುಂಡನೆಯ ದೋಣಿಯಲ್ಲಿ ಹದಿನೈದಿಪ್ಪತ್ತು ಜನ ಹೊಳೆ ದಾಟುತ್ತಿದ್ದುದು ಅವನಿಗೆ ವಿಸ್ಮಯವಾಗಿತ್ತು. ಆ ಬುಟ್ಟಿ ಇಂದಿಗೂ ತಿರುಗುತ್ತಿದೆ. ಅಮೆರಿಕೆಯ ಕಯಾಕಿನವನಿಗೆ ದೋಣಿ ರಜೆಯ ವಿನೋದ. ನಮ್ಮ ಅಂಬಿಗನಿಗೆ ಅದು ಅನ್ನ. ಮಿನೆಸೋಟದವರು ಅಕ್ಕಿಯ ದೋಣಿಯನ್ನು ಹೊರಗಿಟ್ಟರಲ್ಲ, ಅಂಥದೇ ಒಂದು ಸಾಲು ನಮ್ಮ ನಿಯಮಗಳಲ್ಲಿಯೂ ಇರಬೇಕು. ಅಂಬಿಗನ ಹೆಸರು ಗ್ರಾಮದ ಪುಸ್ತಕಕ್ಕೆ ಬರಲಿ, ಹರಿಗೋಲು ಎಷ್ಟು ಜನರನ್ನು ತಾಳುತ್ತದೆಂದು ಅಲ್ಲಿ ಬರೆದಿರಲಿ, ಅದಕ್ಕೆ ಅವನಿಂದ ಕಾಸು ಬೇಡ. ಕಾಸು ಬರುವುದಾದರೆ ಪ್ರವಾಸಿಯ ಟಿಕೆಟ್ಟಿನಿಂದ ಬರಲಿ. ಆ ಹಣದಲ್ಲಿ ಮೊದಲು ಪ್ರತಿಯೊಂದು ಹರಿಗೋಲಿಗೂ ಕುಳಿತವರ ಲೆಕ್ಕಕ್ಕೆ ಸರಿಯಾಗಿ ಲೈಫ್ ಜಾಕೆಟ್ಟುಗಳನ್ನು ಕೊಳ್ಳಲಿ, ಮಕ್ಕಳ ಅಳತೆಯವೂ ಸೇರಿ. ಆಮೇಲೆ ಮಳೆಗಾಲದಲ್ಲಿ ಜಾರುವ ಘಟ್ಟದ ಮೆಟ್ಟಿಲುಗಳನ್ನು ರಿಪೇರಿ ಮಾಡಿಸಲಿ.